ಮಲಗ್ಲಿ ಬಿಡ್ರಿ ಅಂದಿದ್ದರು

ಆ ಮನೆಗೆ ನಾನು ಹೋಗಿದ್ದು ಅಜ್ಜಿಯ ಬಿ.ಪಿ. ನೋಡಲಿಕ್ಕೆ. ಮಗನ ಮಣ್ಣು ಮುಗಿದು ಹಾಲು-ತುಪ್ಪ ಬಿಟ್ಟು ಬಂದ ಮಾರನೇ ದಿನ. ಮಾತ್ರೆ ನುಂಗೋದನ್ನೇ ಬಿಟ್ಟಿದ್ದಾರೆ, ಒಂದು ಸಲ ಬಂದು ಹೇಳಿ ಸಿಸ್ಟ್ರೆ ಅಂತ ಸೊಸೆಯ ಮೈದುನ, ಅಂದರೆ ಅಜ್ಜಿಯ ಎರಡನೇ ಮಗ, ಉಪಕೇಂದ್ರದ ಬಾಗಿಲಿಗೇ ಬಂದು ಕರೆದಿದ್ದ.

ನನ್ನ ಊರು ಹೊನ್ನಾಳಿ. ನ್ಯಾಮತಿಯಲ್ಲಿ ಸ್ವಲ್ಪ ಕಾಲ ಇದ್ದು ಜಗಳೂರು ತಾಲ್ಲೂಕಿಗೆ ಬಂದಿದ್ದೆ. ಸೊಕ್ಕೆ ಕಡೆಯ ಒಂದು ಹಳ್ಳಿಯಲ್ಲಿ ಆರೋಗ್ಯ ಉಪಕೇಂದ್ರ, ಒಂದೇ ಕೋಣೆ, ಹೊರಗೆ ಬೇವಿನ ಮರ. ನದಿ ಊರಿನಿಂದ ಬಂದವಳಿಗೆ ಅಲ್ಲಿನ ಬಯಲು ಮೊದಮೊದಲು ಒಗ್ಗುತ್ತಿರಲಿಲ್ಲ. ಮಧ್ಯಾಹ್ನ ಒಂದು ಶಬ್ದವೂ ಇರುವುದಿಲ್ಲ.

ಸತ್ತವನಿಗೆ ಮೂವತ್ತೈದರ ಆಸುಪಾಸು. ಜಗಳೂರಿನಲ್ಲಿ ಬೋರ್‌ವೆಲ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದ. ಒಂದು ಕಾಯಿಲೆಯೂ ಇರಲಿಲ್ಲ. ರಾತ್ರಿ ಮುದ್ದೆ ಉಂಡು ನಡುಮನೆಯಲ್ಲಿ ಚಾಪೆ ಹಾಕಿಕೊಂಡು ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಹಾರ್ಟ್ ಅಟ್ಯಾಕ್ ಅಂದರು. ಈಗ ಊರುಗಳಲ್ಲಿ ಏಳದೆ ಹೋದವರಿಗೆಲ್ಲ ಅದೇ ಹೆಸರು. ನಾನೂ ಅದನ್ನೇ ನಂಬಿದ್ದೆ.

ನಡುಮನೆಯ ಒಂದು ಮೂಲೆಯಲ್ಲಿ ಮೆಕ್ಕೆಜೋಳದ ತೆನೆ ಗುಡ್ಡೆ ಹಾಕಿದ್ದರು. ಮಳೆ ಹಿಡಿದುಕೊಂಡಿದ್ದರಿಂದ ಹೊರಗೆ ಒಣಗಿಸಲು ಆಗಿರಲಿಲ್ಲ. ಅವನು ಮಲಗಿದ್ದ ಜಾಗದಲ್ಲಿ ದೀಪ ಇಟ್ಟು, ಸುತ್ತ ಜರಡಿ ಹಿಡಿದ ಬೂದಿಯನ್ನು ತೆಳ್ಳಗೆ ಹರಡಿ, ಮೇಲೆ ಬಿದಿರಿನ ಮಂಕರಿಯನ್ನು, ಗಾಳಿಯಾಡಲು ಅಂಚು ಸ್ವಲ್ಪ ಎತ್ತಿ, ಬೋರಲು ಹಾಕಿದ್ದರು. ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು ಅಜ್ಜಿ ಹೇಳಿದರು:

"ದಿನಾ ಸಂಜೆ ಹೊಸದಾಗಿ ಹರಡ್ತೀವವ್ವ. ಮನೆ ನೆಪ್ಪಾಗಿ ಬಂದಿದ್ರೆ ಬೆಳಿಗ್ಗೆ ಗುರ್ತು ಬಿದ್ದಿರ್ತೈತೆ."

"ಬಿದ್ದಿತ್ತಾ ಅಜ್ಜಿ?"

"ಇನ್ನೂ ಇಲ್ಲ. ಬರ್ತಾನೆ. ಹೆಂಡ್ತಿ ಮ್ಯಾಲೆ ಜೀವ ಇಟ್ಕಂಡಿದ್ದ."

ಆ ಹೆಂಡತಿ ಗೋಡೆಗೆ ಒರಗಿ ಕೂತಿದ್ದಳು. ಅಜ್ಜಿಯ ಸೊಸೆ. ಬ್ಲೌಸ್ ಹೊಲಿಯುವವಳು, ನನ್ನದೂ ಎರಡು ಹೊಲಿದುಕೊಟ್ಟಿದ್ದಳು. ಕಣ್ಣು ಕೆಂಪಗೆ ಊದಿದ್ದವು, ಆದರೆ ಅಳುತ್ತಿರಲಿಲ್ಲ. ಅವಳ ನಾಡಿ ಹಿಡಿದು ನೋಡಿದೆ, ಬಿ.ಪಿ. ನೋಡಿದೆ. ನಿದ್ದೆ ಬರ್ತಿಲ್ವಾ ಅಂತ ಕೇಳಿದೆ.

"ಬರ್ತೈತೆ ಸಿಸ್ಟ್ರೆ. ನಾನೇ ಬಿಡ್ತಿಲ್ಲ."

"ಯಾಕೆ?"

"ನಿದ್ದೆ ಹತ್ತಿದ್ರೆ ಮರ್ತು ಹೋಗ್ತೈತೆ. ಎಚ್ಚರ ಆದ ಕೂಡ್ಲೆ ಪಕ್ಕಕ್ಕೆ ಕೈ ಹಾಕ್ತೀನಿ. ಆಮೇಲೆ ಗೊತ್ತಾಗ್ತೈತೆ. ಪ್ರತಿ ಸಲಾನೂ ಇವತ್ತೇ ಹೋದಂಗೆ. ಎಷ್ಟು ಸಲ ಅಂತ ಕೇಳ್ಲಿ ಅದೇ ಸುದ್ದೀನ? ಅದ್ಕೇ ಮಲಗೋದೇ ಬ್ಯಾಡ ಅಂತ." ಮಂಕರಿಯ ಕಡೆ ನೋಡಿ ಮತ್ತೆ ಹೇಳಿದಳು: "ಒಂದು ಮೊಳ ದೂರದಾಗೆ ಇದ್ದೆ ಸಿಸ್ಟ್ರೆ. ಒಂದೇ ಒಂದು ಮೊಳ. ನಂಗೆ ಎಚ್ಚರ ಆಗ್ಲಿಲ್ಲ."

ನಮಗೆ ಇಂಥವರ ಜೊತೆ ಹೇಗೆ ಮಾತಾಡಬೇಕು ಅಂತ ತರಬೇತಿಯಲ್ಲಿ ಹೇಳಿಕೊಟ್ಟಿರುತ್ತಾರೆ. ಅದನ್ನೇ ಹೇಳಿದೆ. ನಿದ್ದೆ ಅಂದರೆ ಸುಮ್ಮನೆ ಬಿದ್ದಿರೋದಲ್ಲ, ನಾವು ಮಲಗಿದಾಗ ಮೈ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತೆ, ಮನಸ್ಸು ದಿನವೆಲ್ಲ ಆದದ್ದನ್ನು ವಿಂಗಡಿಸಿ ಎತ್ತಿಡುತ್ತೆ, ಇಲ್ಲದಿದ್ದರೆ ತಲೆ ಕೆಟ್ಟು ಹೋಗುತ್ತೆ ಅಂತ.

ಅವಳು ಗಮನವಿಟ್ಟು ಕೇಳಿದಳು. ಆಮೇಲೆ ಕೇಳಿದಳು: "ಇದನ್ನ ಎಲ್ಲಿ ಎತ್ತಿಡ್ತೈತೆ?"

ಬೆಚ್ಚಗೆ ಹಾಲು ಕುಡಿಸಿ ಅಂತ ಅಜ್ಜಿಗೆ ಹೇಳಿ ಎದ್ದೆ. ನಿದ್ದೆ ಮಾತ್ರೆ ಕೊಡ್ರಿ ಅಂತ ಮೈದುನ ಹಿಂದೆಯೇ ಬಂದ. ಡಾಕ್ಟರನ್ನು ಕೇಳದೆ ಕೊಡೋ ಹಾಗಿಲ್ಲ ಅಂದೆ. ಅಂಗಳದಲ್ಲಿ ಸತ್ತವನ ಮಗಳು, ನಾಲ್ಕು ವರ್ಷದ್ದು, ಒಂದು ಬೊಂಬೆಯನ್ನು ಮಲಗಿಸಿ ಮಲಗಿಸಿ ಎಬ್ಬಿಸುತ್ತಿತ್ತು. ಅಪ್ಪ ಎಲ್ಲಿ ಅಂತ ಕೇಳಿದ್ದಕ್ಕೆ ಅಪ್ಪ ಮಲಗೈದಾನೆ ಅಂದಿದ್ದಾರಂತೆ. ಅಪ್ಪನನ್ನು ಹೊತ್ತುಕೊಂಡು ಹೋದದ್ದನ್ನೂ ಅದು ನೋಡಿತ್ತು.

ಎರಡು ದಿನ ಬಿಟ್ಟು, ಬೆಳಿಗ್ಗೆ ಕೇಂದ್ರದ ಬಾಗಿಲು ತೆಗೆಯುವ ಮೊದಲು, ಆ ದಾರಿಯಲ್ಲೇ ಬಂದೆ. ಮನೆ ಮುಂದೆ ಏಳೆಂಟು ಹೆಂಗಸರು ಪಿಸುದನಿಯಲ್ಲಿ ಮಾತಾಡುತ್ತಾ ಕೂತಿದ್ದರು. ಒಬ್ಬಾಕೆ ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟಳು.

"ಮಲಗೈದಾಳೆ ಸಿಸ್ಟ್ರೆ. ಅಂತೂ ಇಂತೂ ಮಲಗಿದ್ಳು. ಮಲಗ್ಲಿ ಬಿಡ್ರಿ."

ಎಲ್ಲರ ಮುಖದಲ್ಲೂ ಒಂದು ಸಮಾಧಾನ ಇತ್ತು. ಇಷ್ಟು ದಿನ ನಿದ್ದೆಯಿಲ್ಲದೆ ಕೂತವಳು ಮಲಗಿದಳಲ್ಲ ಅಂತ. ಆ ಅಂಗಳದಲ್ಲಿ ಸದ್ದು ಮಾಡುತ್ತಿದ್ದುದು ಒಂದೇ ಒಂದು ಜೀವ, ಆ ಕೂಸು. ಅದನ್ನು ಒಬ್ಬಾಕೆ ತೊಡೆ ಮೇಲೆ ಒತ್ತಿ ಹಿಡಿದು ಬಾಯಿಗೆ ಸೆರಗು ಅಡ್ಡ ಹಿಡಿದಿದ್ದಳು. ಸೆರಗಿನ ಹಿಂದಿನಿಂದ ಅದು ಅರಚುತ್ತಿತ್ತು: "ಅಮ್ಮನ್ನ ಎಬ್ಬಿಸ್ರೀ! ಅಮ್ಮ ಮಲಗ್ಬಾರ್ದು!"

"ಬೆಳಿಗ್ಗೆಯಿಂದ ಹಿಂಗೇ ಹಟ," ಅಂದಳು ಆಕೆ.

ಅಜ್ಜಿ ಹೊಸಿಲ ಮೇಲೆ ಕೂತಿದ್ದರು. ಅವರು ನಕ್ಕದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

"ಬಂದಿದ್ದ ಕಣವ್ವ. ಬಂದು ಹೆಂಡ್ತೀನ ಮಲಗಿಸಿ ಹೋಗೈದಾನೆ. ಗುರ್ತು ಬಿದ್ದೈತೆ."

ಆ ಮಾತಿಗೆ ಮೈ ಜುಮ್ಮೆಂದಿತು, ಸುಳ್ಳು ಯಾಕೆ ಹೇಳಲಿ. ಆದರೂ ಯಾವಾಗ ಮಲಗಿದಳು ಅಂತ ಕೇಳಿದೆ. ನಸುಕಿನಲ್ಲಿ ಹೊಟ್ಟೆನೋವು ಅಂತ ಎದ್ದಳಂತೆ. ಒಂದು ಸಲ ವಾಂತಿ ಮಾಡಿದಳಂತೆ. ಊಟವಿಲ್ಲದ ಹೊಟ್ಟೆ, ಪಿತ್ತ ಅಂದುಕೊಂಡರು. ಬೆಳಕು ಹರಿಯುವ ಹೊತ್ತಿಗೆ "ಅತ್ತೆ, ಕಣ್ಣು ಎಳೀತಾವೆ, ತೆಗ್ಯಾಕೆ ಆಗ್ತಿಲ್ಲ" ಅಂದಳಂತೆ.

"ಎಷ್ಟು ದಿನದ ನಿದ್ದೆ ಅಲ್ವೇನವ್ವ. ಮಲಕ್ಕೋ ಅಂದೆ."

ಒಳಗೆ ಹೋದೆ. ಎಬ್ಬಿಸಬೇಡಿ ಅಂತ ಹಿಂದಿನಿಂದ ಯಾರೋ ಅಂದರು. ಅವಳು ದೀಪದ ಪಕ್ಕದಲ್ಲೇ, ಗಂಡ ಮಲಗಿದ್ದ ಜಾಗಕ್ಕೆ ತಾಗಿಕೊಂಡು, ಕೌದಿ ಹೊದ್ದು ಮಲಗಿದ್ದಳು. ಮುಖ ನೋಡಿ ಕಾಲು ನಿಂತವು. ಮಲಗಿದವರ ಕಣ್ಣು ಮುಚ್ಚಿರುತ್ತವೆ. ಇವಳ ರೆಪ್ಪೆಗಳು ಮುಚ್ಚಿರಲಿಲ್ಲ, ಅರ್ಧಕ್ಕೆ ಜೋತು ಬಿದ್ದಿದ್ದವು. ಅದರ ಕೆಳಗಿನಿಂದ ಅವಳು ನನ್ನನ್ನು ನೋಡುತ್ತಿದ್ದಳು.

ಹೆಸರು ಹಿಡಿದು ಕರೆದೆ. ಹಣೆಯ ಮೇಲೆ ಗೆರೆ ಮೂಡಿದವು. ಹುಬ್ಬು ಮೇಲಕ್ಕೆದ್ದವು. ರೆಪ್ಪೆ ಏಳಲಿಲ್ಲ. ಬಾಯಿಯ ತುದಿಯಿಂದ ಜೊಲ್ಲು ಇಳಿದು ದಿಂಬು ಒದ್ದೆಯಾಗಿತ್ತು. ಉಗುಳು ನುಂಗಲು ಆಗುತ್ತಿಲ್ಲ ಅಂತ ಅದರ ಅರ್ಥ. ನಾಲಿಗೆ ಚಾಚು ಅಂದೆ, ಹಲ್ಲಿನ ಹತ್ತಿರಕ್ಕೆ ಬಂದು ನಿಂತಿತು. ಭುಜ ಹಿಡಿದು ಸ್ವಲ್ಪ ಎತ್ತಿದೆ. ಕುತ್ತಿಗೆ ಮುರಿದ ಕೋಳಿಯ ಹಾಗೆ ತಲೆ ಹಿಂದಕ್ಕೆ ಬಿತ್ತು.

ಆಗ ಅವಳು ಮೂಗಿನಲ್ಲಿ ಏನೋ ಅಂದಳು. ಬಗ್ಗಿ ಕಿವಿ ಕೊಟ್ಟೆ.

"ಇಬ್ರು... ಬಂದೀರಾ..."

ಕೋಣೆಯೊಳಗೆ ನಾನೊಬ್ಬಳೇ ಇದ್ದೆ. "ಇಬ್ರಾ?" ಅಂದೆ, ಬಾಗಿಲಲ್ಲಿ ನಿಂತಿದ್ದ ಅಜ್ಜಿಗೆ ಅದು ಕೇಳಿಸಿತು. "ಇಬ್ರು ಅಂತಾಳೆ! ನಿನ್ನ ಹಿಂದೆ ಐದಾನೆ ಕಣವ್ವ, ಅವ್ನು ಇನ್ನೂ ಹೋಗಿಲ್ಲ!" ಅಂತ ಕೈ ಮುಗಿದರು. ನಾನು ಹಿಂದಕ್ಕೆ ತಿರುಗಿ ನೋಡಿದೆ. ನರ್ಸಿಂಗ್ ಓದಿದವಳು, ಹಾಡುಹಗಲು, ಆದರೂ ತಿರುಗಿ ನೋಡಿದೆ. ಆಮೇಲೆ ತಲೆ ಕೆಲಸ ಮಾಡಿತು. ಕಣ್ಣುಗುಡ್ಡೆಯನ್ನು ಹಿಡಿದು ತಿರುಗಿಸುವ ಸ್ನಾಯುಗಳು ಸೋತರೆ ಒಂದು ವಸ್ತು ಎರಡಾಗಿ ಕಾಣುತ್ತದೆ. ಅವಳಿಗೆ ನಾನೇ ಇಬ್ಬರಾಗಿ ಕಂಡಿದ್ದೆ.

ಮೈದುನ ಒಳಗೆ ಬಂದು ನನ್ನ ಕಿವಿಯ ಹತ್ತಿರ, "ಏನಾರ ಕುಡಿದ್ಳಾ ಸಿಸ್ಟ್ರೆ? ಹೊಲದ ಔಷಧಿ ಅಟ್ಟದ ಮ್ಯಾಲೈತೆ," ಅಂದ. ಬಾಯಿ ಮೂಸಿ ನೋಡಿದೆ. ವಾಸನೆ ಇರಲಿಲ್ಲ. ಬೆಳೆಗೆ ಹೊಡೆಯುವ ವಿಷ ಕುಡಿದವರ ಪಾಪೆ ಸಾಸಿವೆ ಕಾಳಿನಷ್ಟು ಸಣ್ಣಗಾಗುತ್ತದೆ. ಇವಳದು ಅಗಲವಾಗಿತ್ತು. ಕುಡಿದಿಲ್ಲ ಅಂದೆ. ಹಾಗಾದರೆ ಏನು ಅಂತ ಅವನು ಕೇಳುವಾಗ ನನ್ನ ಕಣ್ಣು ಬೂದಿಯ ಕಡೆ ಹೋಯಿತು.

"ಅಜ್ಜಿ, ಗುರ್ತು ಎಲ್ಲೈತೆ?"

ಅಜ್ಜಿ ಬಂದು ಮಂಕರಿ ಎತ್ತಿ ತೋರಿಸಿದರು. ಬೂದಿಯಲ್ಲಿ ಹೆಜ್ಜೆ ಇರಲಿಲ್ಲ, ಬೆರಳಿರಲಿಲ್ಲ. ಹೆಬ್ಬೆರಳಗಲದ ಒಂದು ಗೆರೆ ಇತ್ತು. ಜೋಳದ ಗುಡ್ಡೆಯ ಕಡೆಯಿಂದ ಹೊರಟು, ದೀಪವನ್ನು ಬಳಸಿಕೊಂಡು, ಅಲೆ ಅಲೆಯಾಗಿ ಅವಳ ಚಾಪೆಯ ಅಂಚಿಗೆ ಬಂದು ಮುಗಿದಿತ್ತು. ಗುಡ್ಡೆಯ ಕಡೆಗೆ ವಾಪಸ್ ಹೋದ ಗೆರೆ ಎಷ್ಟು ಹುಡುಕಿದರೂ ಕಾಣಲಿಲ್ಲ.

ಕಟ್ಟು ಹಾವು ಕಚ್ಚಿದರೆ ನೋವಿರುವುದಿಲ್ಲ, ಊತ ಇರುವುದಿಲ್ಲ, ಎಷ್ಟೋ ಸಲ ಹಲ್ಲಿನ ಗುರುತೂ ಇರುವುದಿಲ್ಲ. ನೆಲದ ಮೇಲೆ ಮಲಗಿದವರ ಬಿಸಿಗೆ ಬಂದು ಸೇರುತ್ತದೆ, ಮಗ್ಗುಲು ಬದಲಿಸಿದರೆ ಕಚ್ಚುತ್ತದೆ. ಸೊಳ್ಳೆ ಅಂದುಕೊಂಡು ಮತ್ತೆ ಮಲಗುತ್ತಾರೆ. ಮೊದಲು ಹೊಟ್ಟೆನೋವು, ಆಮೇಲೆ ಕಣ್ಣು ಎಳೆಯುವುದು. ಓದಿದ್ದೆ, ನೋಡಿರಲಿಲ್ಲ.

ನಾನು ಕೂಗಲಿಲ್ಲ. ಕೂಗಿದ್ದರೆ ಎಲ್ಲರೂ ಒಳಗೆ ನುಗ್ಗುತ್ತಿದ್ದರು. ಅಜ್ಜಿಯನ್ನು ಹೊರಗೆ ಕಳಿಸಿದೆ. ಮೈದುನನಿಗೆ ಮಾತ್ರ ಹೇಳಿದೆ: "ಕೌದಿ ಮುಟ್ಟಬೇಡಿ. ನೀವು ತೋಳು ಹಿಡೀರಿ, ನಾನು ಕಾಲು. ಒಂದೇ ಸಲಕ್ಕೆ ಎತ್ತಿ ಅಂಗಳಕ್ಕೆ." ಅವನು ಬೂದಿ ನೋಡಿದ, ನನ್ನನ್ನು ನೋಡಿದ. ಎರಡನೇ ಮಾತು ಕೇಳಲಿಲ್ಲ. ಹೊದಿಕೆಯೊಳಗಿಂದ ಅವಳನ್ನು ಜಾರಿಸಿ ಎತ್ತಿಕೊಂಡು ಹೊರಟೆವು. ಬಟ್ಟೆಯ ಹಾಗೆ ಇದ್ದಳು, ಎಲ್ಲಿ ಹಿಡಿದರೆ ಅಲ್ಲಿ ಬಗ್ಗುತ್ತಿದ್ದಳು.

ಅಂಗಳದಲ್ಲಿ ಗೋಳು ಎದ್ದಿತು. ಹನ್ನೊಂದು ದಿನದೊಳಗೆ ಜೋಡಿಯನ್ನು ಕರೆಯುತ್ತಾನೆ ಅಂದಿರಲಿಲ್ಲವಾ ಅಂತ ಒಬ್ಬರು. ಕರ್ಕಂಡು ಹೋದ ಅಂತ ಇನ್ನೊಬ್ಬರು. ಆ ಕೂಸು ಮಾತ್ರ ಅಳು ನಿಲ್ಲಿಸಿತ್ತು, ಯಾರೋ ಅಮ್ಮನನ್ನು ಎತ್ತಿದರಲ್ಲ ಅಂತ.

ಆಂಬುಲೆನ್ಸ್‌ಗೆ ಫೋನ್ ಮಾಡಿದರೆ ದೂರದಲ್ಲಿದೆ ಅಂದರು. ಕಾಯುವ ಹಾಗಿರಲಿಲ್ಲ. ಮೈದುನನ ಕಾರಿನ ಹಿಂದಿನ ಸೀಟಿನಲ್ಲಿ ಅವಳನ್ನು ಮಲಗಿಸಿ, ಕೇಂದ್ರದ ಮುಂದೆ ನಿಲ್ಲಿಸಿ ಆಂಬು ಬ್ಯಾಗ್ ತೆಗೆದುಕೊಂಡೆ. ಅದು ಬಾಯಿ-ಮೂಗಿಗೆ ಮುಖವಾಡ ಇಟ್ಟು ಕೈಯಲ್ಲಿ ಒತ್ತಿ ಉಸಿರು ಕೊಡುವ ರಬ್ಬರಿನ ಬುಡ್ಡೆ. ಜಗಳೂರು ಆಸ್ಪತ್ರೆಗೆ ಹೊರಡುವಾಗಲೇ ಫೋನ್ ಮಾಡಿ ಹಾವಿನ ಕೇಸು, ಉಸಿರು ನಿಲ್ತಾ ಇದೆ ಅಂತ ಹೇಳಿದ್ದೆ.

ಎದೆ ಏಳುವುದು ನಿಂತಿತ್ತು. ಹೊಟ್ಟೆ ಮಾತ್ರ ಸಣ್ಣಗೆ ಅಲ್ಲಾಡುತ್ತಿತ್ತು. ನೋಡುತ್ತಿದ್ದ ಹಾಗೆ ಅದೂ ನಿಂತಿತು. ಸೀಟಿನ ಮುಂದಿನ ಇಕ್ಕಟ್ಟಿನಲ್ಲಿ ಮಂಡಿಯೂರಿ, ಎಡಗೈಯಲ್ಲಿ ದವಡೆ ಎತ್ತಿ ಮುಖವಾಡ ಒತ್ತಿ ಹಿಡಿದು ಬಲಗೈಯಲ್ಲಿ ಬುಡ್ಡೆ ಒತ್ತಲು ಶುರು ಮಾಡಿದೆ. ಒತ್ತಿದರೆ ಎದೆ ಏಳುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಚಕ್ರ ರಸ್ತೆಯ ಗುಂಡಿಗೆ ಇಳಿದಾಗಲೆಲ್ಲ ಮುಖವಾಡ ಜಾರಿ ಗಾಳಿ ಪಕ್ಕಕ್ಕೆ ಹೋಗುತ್ತಿತ್ತು. ಮೈದುನ ಕನ್ನಡಿಯಲ್ಲಿ ನೋಡುತ್ತಾ, "ಅತ್ತಿಗೆ ಐದಾಳಾ ಸಿಸ್ಟ್ರೆ?" ಅಂತ ಒಂದೇ ಸಮ ಕೇಳುತ್ತಿದ್ದ. ಐದಾಳೆ, ನೀವು ರಸ್ತೆ ನೋಡ್ರಿ ಅನ್ನುತ್ತಿದ್ದೆ.

ಜಗಳೂರಿನಲ್ಲಿ ಡಾಕ್ಟರು ಬಾಗಿಲಲ್ಲೇ ನಿಂತಿದ್ದರು. ಗಂಟಲಿಗೆ ನಳಿಕೆ ಹಾಕಿದರು. ಹಾವಿನ ವಿಷದ ಮದ್ದನ್ನು ಸಲೈನ್‌ನಲ್ಲಿ ಬೆರೆಸಿ ಹನಿ ಬಿಟ್ಟರು. ಸ್ನಾಯುಗಳಿಗೆ ಬಲ ಬರುವ ಇಂಜೆಕ್ಷನ್ ಕೊಟ್ಟು ಕಾದರು, ರೆಪ್ಪೆ ಏಳಲಿಲ್ಲ. ಈ ಹಾವಿಗೆ ಅದು ಎಷ್ಟೋ ಸಲ ಕೆಲಸ ಮಾಡುವುದಿಲ್ಲ ಅಂದರು. ರೆಪ್ಪೆ ಎತ್ತಿ ಟಾರ್ಚ್ ಬಿಟ್ಟರು. ಪಾಪೆ ಅಗಲವಾಗಿಯೇ ಇತ್ತು, ಅಲ್ಲಾಡಲಿಲ್ಲ. ಮಂಡಿಗೆ ಬಡಿದರು, ಅಂಗಾಲು ಗೀರಿದರು. ಏನೂ ಇಲ್ಲ. ಹೃದಯ ಮಾತ್ರ ಸರಿಯಾಗಿ ಬಡಿಯುತ್ತಿತ್ತು.

"ಮಿದುಳಿಗೆ ಗಾಳಿ ಕಡಿಮೆ ಆಗಿದ್ರೂ ಹೀಗೇ ಕಾಣುತ್ತೆ, ಬರೀ ಈ ವಿಷ ಆದ್ರೂ ಹೀಗೇ ಕಾಣುತ್ತೆ," ಅಂದರು ಡಾಕ್ಟರು, ನನ್ನನ್ನು ಪಕ್ಕಕ್ಕೆ ಕರೆದು. "ದಾವಣಗೆರೆಗೆ ಹೋಗಲೇಬೇಕು, ವೆಂಟಿಲೇಟರ್ ಬೇಕು. ಹೇಳೋಕೆ ಆಗಲ್ಲ ಸಿಸ್ಟರ್. ಆದ್ರೆ ನಾನು ಬಿಡಲ್ಲ."

ಅಷ್ಟರಲ್ಲಿ ಊರಿನಿಂದ ಎರಡು ಕಾರು ಬಂದವು. ಅವಳ ಸೋದರಮಾವ, ಗಂಡನ ಕಡೆಯ ದೊಡ್ಡಪ್ಪ, ಇನ್ನೂ ಇಬ್ಬರು ಹೆಂಗಸರು. ಊರಲ್ಲಿ ಕೋಲಿನಿಂದ ಕೌದಿ ಎತ್ತಿದ್ದರಂತೆ. ಚಾಪೆಯ ಮಡಿಕೆಯಲ್ಲಿ ಅದು ಇತ್ತಂತೆ, ಕಪ್ಪಗೆ, ಬಿಳಿ ಗೆರೆ, ಸುರುಳಿಯೊಳಗೆ ತಲೆ ಹುದುಗಿಸಿಕೊಂಡು ಅಲ್ಲಾಡದೆ ಮಲಗಿತ್ತಂತೆ. ಹಗಲೆಲ್ಲ ಅದರ ನಿದ್ದೆ.

ದೊಡ್ಡಪ್ಪ ಮಂಚದ ಹತ್ತಿರ ಬಂದು ಅವಳ ಮುಖ ನೋಡಿದರು. ಕೆಟ್ಟ ಮನುಷ್ಯರಲ್ಲ. ಕಣ್ಣಲ್ಲಿ ನೀರಿತ್ತು. "ಆಗಿಹೋಗೈತೆ ಬಿಡ್ರಿ ಸಾರ್," ಅಂದರು ಡಾಕ್ಟರಿಗೆ. "ಗಾಳಿ ಊದಿ ಊದಿ ಯಾಕೆ ಹಿಂಸೆ ಕೊಡ್ತೀರಾ. ಮೈ ಬೆಚ್ಚಗಿದ್ದಾಗ್ಲೆ ಮನೆಗೆ ಕರ್ಕಂಡು ಹೋಗ್ತೀವಿ. ಮುತ್ತೈದೆಯಾಗಂತೂ ಹೋಗ್ಲಿಲ್ಲ, ಗಂಡನ ಪಕ್ಕದಾಗಾರ ಇರ್ಲಿ." ಹೆಂಗಸರಲ್ಲಿ ಒಬ್ಬರು ಅಳುತ್ತಾ ಎಷ್ಟು ಚೆನ್ನಾಗಿ ಹೊಲೀತಿದ್ಳು ಅಂದರು. ಇನ್ನೊಬ್ಬರು ಕೂಸನ್ನು ನ್ಯಾಮತಿಯ ತವರಿನವರು ಇಟ್ಟುಕೊಳ್ಳಲಿ ಅಂದರು. ಮೈದುನ ಗೋಡೆಗೆ ಹಣೆ ಒತ್ತಿ ನಿಂತಿದ್ದ. ಸಹಿ ಮಾಡಬೇಕಾದವನು ಅವನೇ. ಅವನೂ ಸೋಲುತ್ತಿದ್ದ.

ನಾನು ಬುಡ್ಡೆ ಒತ್ತುತ್ತಲೇ ಇದ್ದೆ. ಆಗ ಒಂದು ವಿಷಯ ಹೊಳೆಯಿತು. ಅವಳನ್ನು ಎತ್ತಿಕೊಂಡು ಬಂದಾಗಿನಿಂದ ನಾವೆಲ್ಲ ಅವಳ ಬಗ್ಗೆ ಮಾತಾಡುತ್ತಿದ್ದೆವೇ ಹೊರತು ಅವಳ ಹತ್ತಿರ ಯಾರೂ ಮಾತಾಡಿರಲಿಲ್ಲ. ಈ ವಿಷ ಸ್ನಾಯುವನ್ನು ಹಿಡಿಯುತ್ತದೆ, ಕಿವಿಯನ್ನಲ್ಲ. ಕೈಕಾಲಿನ ತುದಿಗಳು ಕೆಲವರಲ್ಲಿ ಕೊನೆಗೆ ಸೋಲುತ್ತವೆ ಅಂತ ತರಬೇತಿಯಲ್ಲಿ ಒಬ್ಬರು ಹೇಳಿದ್ದ ನೆನಪು.

ಬುಡ್ಡೆಯನ್ನು ವಾರ್ಡಿನ ನರ್ಸ್ ಕೈಗೆ ಕೊಟ್ಟೆ. ಸೊಸೆಯ ಕಾಲಿನ ಮೇಲಿನ ಬಟ್ಟೆ ಸರಿಸಿದೆ. ಕಾಲುಂಗುರ ಇನ್ನೂ ತೆಗೆದಿರಲಿಲ್ಲ. ಕಿವಿಯ ಹತ್ತಿರ ಬಗ್ಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ನಾನು ಸಿಸ್ಟರ್. ನಿಂಗೆ ಹಾವು ಕಚ್ಚೈತೆ. ಮೈ ಸೋತೈತೆ ಅಷ್ಟೇ, ನೀನು ಸತ್ತಿಲ್ಲ. ಕೇಳ್ತಿದ್ರೆ ಕಾಲ್ಬೆರಳು ಅಲ್ಲಾಡ್ಸವ್ವ."

ಏನೂ ಆಗಲಿಲ್ಲ. ದೊಡ್ಡಪ್ಪ ನನ್ನನ್ನು ಕನಿಕರದಿಂದ ನೋಡಿದರು. ನನಗೇ ನಾಚಿಕೆಯಾಯಿತು, ಅವರ ಎದುರು ಇದೊಂದು ನಾಟಕ ಮಾಡಿದೆನಲ್ಲ ಅಂತ. ಇನ್ನೊಂದು ಸಲ ಹೇಳಿದೆ, ಮಗಳ ಹೆಸರು ಸೇರಿಸಿ.

ಬಲಗಾಲಿನ ಎರಡನೇ ಬೆರಳು, ಕಾಲುಂಗುರದ್ದು, ಒಂದು ಕಾಳಿನಷ್ಟು ಮಡಚಿ ಬಿಟ್ಟಿತು.

ಆ ಕೋಣೆಯಲ್ಲಿ ಇದ್ದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ನನಗೆ ಇವತ್ತಿಗೂ ನೆನಪಿರುವುದು ಅದೇ. ಖುಷಿಯಿಂದ ಮುಂದೆ ಬರಲಿಲ್ಲ, ಹಿಂದೆ ಸರಿದರು. ಮುಖ ನೋಡಿದರೆ ಹೆಣ. ಅರ್ಧ ತೆರೆದ ಕಣ್ಣು, ಬೆಳಕಿಗೆ ಅಲ್ಲಾಡದ ಪಾಪೆ. ಕಾಲಿನ ತುದಿಯಲ್ಲಿ ಆ ಬೆರಳು ಮಾತ್ರ ಹೇಳಿದ ಮಾತು ಕೇಳುತ್ತಿತ್ತು. ಮತ್ತೆ ಅಲ್ಲಾಡ್ಸು ಅಂದರು ಡಾಕ್ಟರು. ಮತ್ತೆ ಮಡಚಿತು. ಆಮೇಲೆ ಅದೂ ನಿಂತಿತು.

ಮೈದುನ ಗೋಡೆಯಿಂದ ತಿರುಗಿ, "ದಾವಣಗೆರೆಗೆ ನಡೀರಿ," ಅಂದ.

ಆಸ್ಪತ್ರೆಯಲ್ಲಿ ಹೆರಿಗೆಗಳಿದ್ದವು, ವಾರ್ಡಿನ ನರ್ಸ್ ಬರುವ ಹಾಗಿರಲಿಲ್ಲ. ಆಂಬುಲೆನ್ಸಿಗೆ ನಾನೇ ಹತ್ತಿದೆ. ಡ್ರೈವರ್ ಸಂತೇಬೆನ್ನೂರಿನವರು, ವಯಸ್ಸಾದವರು. ಹತ್ತುವಾಗ ಮುಖ ನೋಡಿ, "ಇನ್ನೂ ಐತಾ ಸಿಸ್ಟ್ರೆ?" ಅಂತ ಮೆಲ್ಲಗೆ ಕೇಳಿದರು. "ಐತಾ ಅಲ್ಲ ಅಣ್ಣ, ಐದಾಳೆ. ಎಲ್ಲಾ ಕೇಳಿಸ್ತೈತೆ ಅವಳಿಗೆ," ಅಂದೆ. ಅವರು ಬೆಚ್ಚಿ ಅವಳಿಗೆ ಕೈ ಮುಗಿದರು. ದಾರಿಯುದ್ದಕ್ಕೂ ಗುಂಡಿ ಬಂದಾಗಲೆಲ್ಲ ಅವರು ಹಿಂದಕ್ಕೆ ತಿರುಗಿ "ಈಗ ಕುಲುಕಾಡ್ತೈತೆ ತಾಯಿ" ಅಂತ ಅವಳಿಗೇ ಹೇಳುತ್ತಿದ್ದರು.

ನಾನೂ ಮಾತಾಡುತ್ತಾ ಹೋದೆ. ಬಿಳಿಚೋಡು ದಾಟಿದ್ವಿ ಅಂದೆ. ಕೂಸು ಅಜ್ಜಿ ಹತ್ತಿರ ಐತೆ ಅಂದೆ. ಹೇಳಲು ಏನೂ ಉಳಿಯದಾಗ ನಮ್ಮ ಹೊನ್ನಾಳಿ ಹೊಳೆಯ ವಿಷಯ ಹೇಳಿದೆ. ಉತ್ತರವಿಲ್ಲದೆ ಮಾತಾಡುವುದು ಕಷ್ಟ. ಆ ಮುಖದಲ್ಲಿ ಏನೂ ಇರಲಿಲ್ಲ. ಕಣ್ಣು ಒಣಗಬಾರದೆಂದು ರೆಪ್ಪೆ ಮುಚ್ಚಿ ಅಂಟುಪಟ್ಟಿ ಹಾಕಿದ್ದೆವು. ನಡುವೆ ಎಲ್ಲೋ ನನಗೆ ಅನುಮಾನ ಹೊಕ್ಕಿತು, ಆ ಬೆರಳು ನಿಜವಾಗಿ ಅಲ್ಲಾಡಿತ್ತಾ, ಅಥವಾ ಬೂದಿಯಲ್ಲಿ ಮಗನನ್ನು ಕಂಡ ಅಜ್ಜಿಯ ಹಾಗೆ ನಾನೂ ಕಂಡೆನಾ ಅಂತ. ಕೈ ಮಾತ್ರ ಒತ್ತುತ್ತಿತ್ತು. ದಾವಣಗೆರೆಯಲ್ಲಿ ಯಂತ್ರಕ್ಕೆ ಜೋಡಿಸಿದಾಗ ನನ್ನ ಬೆರಳುಗಳು ಮಡಚಿದ ಹಾಗೇ ಇದ್ದವು, ಇನ್ನೊಬ್ಬರು ಬಿಡಿಸಬೇಕಾಯಿತು.

ಅವಳು ಉಳಿದಳು. ವಾರದ ಮೇಲೆ ನಳಿಕೆ ತೆಗೆದರು. ರಜೆಗೆ ಊರಿಗೆ ಹೋಗುವಾಗ ದಾವಣಗೆರೆಯಲ್ಲಿ ಇಳಿದು ನೋಡಲು ಹೋದೆ. ದಿಂಬಿಗೆ ಒರಗಿ ಕೂತಿದ್ದಳು. ಸ್ವರ ಬಿದ್ದು ಹೋಗಿತ್ತು.

"ಬಿಳಿಚೋಡು ಎರಡು ಸಲ ದಾಟಿಸಿದ್ರಿ ಸಿಸ್ಟ್ರೆ," ಅಂದಳು. "ಇಲ್ಲ ಅನ್ನಾಕೆ ಬಾಯಿ ಬರ್ತಿರ್ಲಿಲ್ಲ."

ನನಗೆ ನಗು ಬಂತು. ಮಂಚದ ಅಂಚಿಗೆ ಕೂತೆ.

"ಎಲ್ಲಾ ಕೇಳ್ತಿತ್ತಾ?"

"ಎಲ್ಲಾ. ಅಂಗಳದಾಗಿಂದ. ಎಲ್ಲರ ಬಾಯಾಗೆ ನಾನು 'ಐದಾಳೆ' ಆಗಿದ್ದೆ. ಜಗಳೂರಿಗೆ ಬರೋ ಹೊತ್ಗೆ 'ಇದ್ಳು' ಆದೆ. ಚೆನ್ನಾಗಿ ಹೊಲೀತಿದ್ಳು ಅಂದ್ರಲ್ಲ, ಆವಾಗ. ನಾನಿನ್ನೂ ಐದೀನಿ, ಐದೀನಿ ಅಂತ ಒಳಗೇ ಕಿರುಚ್ತಿದ್ದೆ. ಗುಂಡಿ ಯಾವ ಕಡೆ ತೆಗೀಬೇಕು ಅಂತಾನೂ ಮಾತಾಡಿದ್ರು. ಯಾರು ಅಂತ ಗೊತ್ತು. ಹೇಳಾಕಿಲ್ಲ. ಅತ್ತುಕಂತಾನೇ ಮಾತಾಡಿದ್ರು ಪಾಪ."

"ನಿದ್ದೆ ಥರ ಇತ್ತಾ?"

ಅವಳು ತಲೆ ಅಲ್ಲಾಡಿಸಿದಳು. "ನಿದ್ದೆ ಅಲ್ಲ. ನಿದ್ದೆ ಬಂದ್ರೆ ಸಾಕಪ್ಪ ಅಂತ ಕಾಯ್ತಿದ್ದೆ. ಇಲ್ಲಿ ಔಷಧಿ ಹಾಕಿ ಮಲಗಿಸಿದ್ರಲ್ಲ, ಆವಾಗ ಬಂತು. ಎಚ್ಚರ ಆದಾಗ ಪಕ್ಕಕ್ಕೆ ಕೈ ಹಾಕ್ಲಿಲ್ಲ ಸಿಸ್ಟ್ರೆ. ಅವರಿಲ್ಲ ಅಂತ ಗೊತ್ತಿತ್ತು."

ಅವಳು ಮನೆಗೆ ಬಂದ ಮೇಲೆ ಅಜ್ಜಿಯ ಬಿ.ಪಿ. ಏರತೊಡಗಿತು. ಮಾತ್ರೆ ಹೆಚ್ಚಿಸಿದರೂ ಇಳಿಯಲಿಲ್ಲ. ಈಗ ಅತ್ತೆ ಮಲಗ್ತಿಲ್ಲ ಅಂತ ಸೊಸೆ ಹೇಳಿ ಕಳಿಸಿದಳು. ಒಂದು ಮಧ್ಯಾಹ್ನ ಹೋದೆ. ಜೋಳ ಎಲ್ಲ ಮನೆಯಿಂದ ಹೊರಗೆ ಹೋಗಿತ್ತು, ಎಲ್ಲರಿಗೂ ಮಂಚ ಬಂದಿತ್ತು. ಅಜ್ಜಿ ಕಟ್ಟೆಯ ಮೇಲೆ ಕೂತಿದ್ದರು. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬುತ್ತಿದ್ದಾಗ ಕೇಳಿದರು:

"ಸೊಸೆಗೆ ಎಲ್ಲಾ ಕೇಳ್ತಿತ್ತಂತೆ."

"ಹೌದಜ್ಜಿ."

"ಕಣ್ಣಿಗೆ ಬ್ಯಾಟ್ರಿ ಬಿಟ್ರೂ ಅಲ್ಲಾಡ್ಲಿಲ್ವಂತೆ."

"ಹೌದು."

"ಹಂಗಾರೆ ನನ್ನ ಮಗ?" ಅವರು ನನ್ನ ಕೈ ಹಿಡಿದುಕೊಂಡರು. "ಅದೇ ಮನೆ, ಅದೇ ಜಾಗ. ಅವನ್ನೂ ಅದೇ ಕಡಿದಿರ್ತೈತೆ. ಮಣ್ಣು ಹಾಕಾಗ ಅವ್ನಿ‌ಗೂ ಕೇಳ್ತಿತ್ತಾ? ಅವ್ವಾ ಅನ್ನಾಕೆ ಬಾಯಿ ಬರ್ಲಿಲ್ವಾ?"

ಇಲ್ಲ ಅಂದುಬಿಡುವುದು ಸುಲಭವಿತ್ತು. ಆ ಮನೆಯಲ್ಲಿ ಎಲ್ಲರೂ ಇಲ್ಲ ಅಂದಿದ್ದರು, ಶಿವನ ಪಾದ ಸೇರಿದ, ಪುಣ್ಯದ ಸಾವು, ನಿದ್ದೆಯಲ್ಲೇ ಹೋದ ಅಂತ. ಅದನ್ನು ಕೇಳಿಕೊಂಡೇ ಅವರು ನಿದ್ದೆ ಬಿಟ್ಟು ಕೂತಿದ್ದರು. ಪಟ್ಟಿ ಬಿಚ್ಚಿ ಪಕ್ಕಕ್ಕಿಟ್ಟೆ. ರೋಗಿಯ ವಿಚಾರ ಕೇಳುವ ಹಾಗೇ ಕೇಳಿದೆ.

"ಬೆಳಿಗ್ಗೆ ಮೊದ್ಲು ಮುಟ್ಟಿದ್ದು ಯಾರು ಅಜ್ಜಿ?"

"ನಾನೇ. ಕಾಫಿ ಕುಡಿಯೋ ಅಂತ ಕೈ ಎಳೆದೆ."

"ಕೈ ಹೆಂಗಿತ್ತು?"

"ತಣ್ಣಗೆ. ನೆಲ ಮುಟ್ಟಿದಂಗಿತ್ತು. ಬರ್ಲಿಲ್ಲ ಕೈ. ಕಟ್ಟಿಗೆ."

"ಮಣ್ಣಿಗೆ ಮುಂಚೆ ಕೂರಿಸುವಾಗ?"

"ಕಾಲು ಮಡಿಚ್ಲಿಲ್ಲ. ಬಿಸಿನೀರು ಹಾಕಿ ಇಬ್ರು ಹಿಡ್ಕಂಡು ಮಡಿಚಿದ್ರು. ಬೆನ್ನೆಲ್ಲ ನೀಲಿಗಟ್ಟಿತ್ತು."

"ಸೊಸೆ ಮೈ ಬಟ್ಟೆ ಥರ ಮೆತ್ತಗಿತ್ತು ಅಜ್ಜಿ, ಬೆಚ್ಚಗಿತ್ತು. ಗುಂಡಿಗೆ ಬಡೀತಿತ್ತು. ಮೈ ಹಂಗೆ ಸೆಟೆದು, ಬೆನ್ನು ನೀಲಿಗಟ್ಟಬೇಕು ಅಂದ್ರೆ ಗುಂಡಿಗೆ ನಿಂತು ಬಹಳ ಹೊತ್ತಾಗಿರ್ಬೇಕು. ನಿಮ್ಮ ಮಗ ಸತ್ತಿದ್ರು. ನೀವು ಕೈ ಎಳೆಯೋಕೆ ಮುಂಚೆನೇ ಸತ್ತಿದ್ರು. ಕೂರಿಸಿದ್ದು, ನೀರು ಹಾಕಿದ್ದು, ಮಣ್ಣು, ಯಾವ್ದೂ ಅವರಿಗೆ ಕೇಳಿಸಿಲ್ಲ."

ಆ ಮಾತನ್ನು ಆ ಮನೆಯಲ್ಲಿ ಯಾರೂ ಆಡಿರಲಿಲ್ಲ. ಅಜ್ಜಿ ಅದನ್ನು ಬಾಯಲ್ಲಿ ಇಟ್ಟುಕೊಂಡು ನೋಡುವ ಹಾಗೆ ಹೇಳಿದರು: "ಸತ್ತಿದ್ದ."

"ಹೌದಜ್ಜಿ."

ಸೆರಗಿನಿಂದ ಮುಖ ಒರೆಸಿಕೊಂಡರು. ಮುಗಿಯಿತು ಅಂದುಕೊಂಡೆ. ಆಮೇಲೆ ನನ್ನ ಕಡೆ ತಿರುಗದೆ ಕೇಳಿದರು: "ಅದಕ್ಕೂ ಮುಂಚೆ?"

ಅವರು ಏನು ಕೇಳುತ್ತಿದ್ದಾರೆ ಅಂತ ನನಗೆ ಗೊತ್ತಾಯಿತು. ಮೈ ಸೋತ ಮೇಲೆ, ಗುಂಡಿಗೆ ನಿಲ್ಲುವ ಮೊದಲು, ಆ ನಡುವಿನ ಹೊತ್ತು. "ಅದು ನಂಗೆ ಗೊತ್ತಿಲ್ಲ ಅಜ್ಜಿ," ಅಂದೆ.

ಸೊಸೆ ಬಾಗಿಲಲ್ಲಿ ನಿಂತಿದ್ದಳು. ಯಾವಾಗ ಬಂದಳೋ ಗೊತ್ತಿಲ್ಲ. ಬಂದು ಅತ್ತೆಯ ಪಕ್ಕ ಕೂತಳು.

"ನಂಗೆ ಗೊತ್ತು ಅತ್ತೆ. ನಾನು ಹೋಗಿ ಬಂದೀನಿ. ನೋವಿರಾಕಿಲ್ಲ. ಭಯ ಆಗ್ತೈತೆ, ಸುಳ್ಳು ಹೇಳಾಕಿಲ್ಲ. ಆದ್ರೆ ಪಕ್ಕದಾಗೆ ಮನೆಯೋರ ಉಸಿರು ಕೇಳ್ತಿದ್ರೆ ಒಬ್ನೇ ಇಲ್ಲ ಅಂತ ಗೊತ್ತಿರ್ತೈತೆ. ಆ ರಾತ್ರಿ ನೀವು ಮಂಚದ ಮ್ಯಾಲೆ ಗೊರಕೆ ಹೊಡೀತಿದ್ರಿ. ಅವರಿಗೆ ಅದು ಕೇಳಿರ್ತೈತೆ."

ಅಜ್ಜಿ ಅವಳನ್ನೇ ನೋಡಿದರು.

"ನಾನು ಗೊರಕೆ ಹೊಡೀತೀನೇನೆ?"

"ಹೊಡೀತೀರ ಅತ್ತೆ. ಜೋರಾಗಿ."

ಅಜ್ಜಿಯ ಮುಖದಲ್ಲಿ ನಗುವೂ ಅಲ್ಲದ ಅಳುವೂ ಅಲ್ಲದ ಏನೋ ಬಂದು ಹೋಯಿತು. ಸೆರಗನ್ನು ತಲೆಯ ಕೆಳಗೆ ಮಡಚಿ ಇಟ್ಟುಕೊಂಡು ಅಲ್ಲೇ ಕಟ್ಟೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ನಾನು ಎದ್ದು ಹೋಗಬೇಕಿತ್ತು, ಇನ್ನೂ ಎರಡು ಮನೆ ಇದ್ದವು. ಹೋಗಲಿಲ್ಲ. ಸೊಸೆಯೂ ಏಳಲಿಲ್ಲ. ಇಬ್ಬರೂ ಅವರ ಬೆನ್ನು ಏಳುವುದನ್ನು, ಇಳಿಯುವುದನ್ನು ನೋಡುತ್ತಾ ಕೂತೆವು. ಬಯಲಿನಿಂದ ಒಂದು ಸದ್ದೂ ಬರುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು.